ಅಪ್ಪನ ದಿನಸಿ ಅಂಗಡಿ: ಸಾಲ ಮಾಡಿ ಬದಲಿಸಬೇಕಾ, ಬಾಗಿಲು ಹಾಕಬೇಕಾ?

ಪ್ರಶ್ನೆ: ನಮ್ಮದು ತಿಪಟೂರು. 1968ರಲ್ಲಿ ತಾತ ಶುರು ಮಾಡಿದ ದಿನಸಿ ಅಂಗಡಿಯನ್ನು ಈಗ ಅಪ್ಪ ನಡೆಸುತ್ತಿದ್ದಾರೆ. ಅವರಿಗೆ 71 ವರ್ಷ. 12 ಅಡಿ ಅಗಲ, 20 ಅಡಿ ಉದ್ದದ ಸ್ವಂತ ಜಾಗ. ಮರದ ಗಲ್ಲಾ ಪೆಟ್ಟಿಗೆ, ಹಿತ್ತಾಳೆ ತಟ್ಟೆಯ ತಕ್ಕಡಿ, ಗೋಡೆ ತುಂಬ ತಗಡಿನ ಡಬ್ಬಗಳು ಎಲ್ಲ ತಾತನ ಕಾಲದವೇ. ಎರಡು ವರ್ಷದ ಹಿಂದೆ ಹತ್ತಿರದಲ್ಲೇ ದೊಡ್ಡ ಸೂಪರ್‌ಮಾರ್ಕೆಟ್ ಬಂತು. ದಿನಕ್ಕೆ 14,000 ರೂಪಾಯಿ ಇದ್ದ ವ್ಯಾಪಾರ 9,500ಕ್ಕೆ ಇಳಿದಿದೆ. 3.4 ಲಕ್ಷ ಉದ್ರಿ ಹೊರಗೆ ನಿಂತಿದೆ. ಕೆಲಸಕ್ಕೆ ಒಬ್ಬ ಹುಡುಗ ಇದ್ದಾನೆ, ಸಂಬಳ 9,000. ಒಬ್ಬರು 9 ಲಕ್ಷ ಸಾಲ ಕೊಡಿಸಿ ಅಂಗಡಿಯನ್ನು ಸೆಲ್ಫ್ ಸರ್ವಿಸ್ ಮಾರ್ಟ್ ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ. ತಮ್ಮ ಬಾಡಿಗೆಗೆ ಕೊಟ್ಟುಬಿಡೋಣ ಅಂತಾನೆ. ಜಿಎಸ್‌ಟಿ ನೋಟಿಸ್ ಗಲಾಟೆ ಆದಾಗ ಅಪ್ಪ ಹೆದರಿ ಕ್ಯೂಆರ್ ಕೋಡ್ ತೆಗೆದುಬಿಟ್ಟರು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಬಂದವರೆಲ್ಲ "ಈ ಅಂಗಡಿಯ ಸೊಗಸೇ ಬೇರೆ" ಅಂತ ಫೋಟೊ ತೆಗೆದುಕೊಳ್ಳುತ್ತಾರೆ, ಸಾಮಾನು ತೆಗೆದುಕೊಳ್ಳುವುದಿಲ್ಲ. ಆ ಸೊಗಸಿಗೆ ಏನಾದರೂ ಬೆಲೆ ಇದೆಯಾ? ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಂತೆ ಕಂಡರೂ ಒಳಗೆ ಎರಡಿವೆ. ಅಂಗಡಿ ಉಳಿಯುತ್ತದಾ ಅನ್ನುವುದು ಒಂದು. ಅಪ್ಪನ ಆಯುಷ್ಯದ ಕೆಲಸವನ್ನು ನಾನೇ ಮುಚ್ಚಿಸಿದಂತೆ ಆಗುತ್ತದಾ ಅನ್ನುವುದು ಇನ್ನೊಂದು. ಎರಡನೆಯದನ್ನು ನೀವು ಬರೆದಿಲ್ಲ, ಆದರೆ ಪತ್ರದಲ್ಲಿ ಅದು ಕಾಣುತ್ತದೆ. ಮೊದಲು ಲೆಕ್ಕ ಮಾಡೋಣ. ಲೆಕ್ಕ ಗೊತ್ತಾದರೆ ಎರಡನೆಯ ಭಾರವೂ ಸ್ವಲ್ಪ ಇಳಿಯುತ್ತದೆ.

ನಾನು ಒಂಬತ್ತು ವರ್ಷ ಒಬ್ಬ ವಿತರಕರ ಬಳಿ ಸೇಲ್ಸ್‌ಮನ್ ಆಗಿದ್ದೆ. ಹಾಸನ, ತುಮಕೂರು ಕಡೆಯ ಅಂಗಡಿಗಳಿಗೆ ಸೋಪು, ಬಿಸ್ಕತ್ತು ಹಾಕುತ್ತಿದ್ದೆ. ಆಮೇಲೆ ಹದಿನೆಂಟು ವರ್ಷದಿಂದ ಸಣ್ಣ ಅಂಗಡಿಗಳ ಲೆಕ್ಕ ನೋಡುತ್ತಿದ್ದೇನೆ. ಈ ಅನುಭವದಿಂದ ಹೇಳುತ್ತೇನೆ: ನಿಮ್ಮ ಅಂಗಡಿಯ ಸೊಗಸಿಗೆ ಬೆಲೆ ಇದೆ. ಆದರೆ ಅದು ಫೋಟೊದಲ್ಲಿ ಕಾಣುವ ತಗಡಿನ ಡಬ್ಬದಲ್ಲಿಲ್ಲ.

ನಿಮ್ಮ ಅಪ್ಪ ದಿನಾ ಏನು ಮಾಡುತ್ತಾರೆ ಅಂತ ಒಮ್ಮೆ ನೋಡಿ. ಬ್ಯಾಡಗಿ ಮೆಣಸಿನಕಾಯಿಯ ಚೀಲ ಬಂದರೆ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಅದು ಕಡ್ಡಿ ತಳಿಯೋ ಡಬ್ಬಿ ತಳಿಯೋ, ಬಣ್ಣ ಹೇಗಿದೆ, ತೇವ ಇದೆಯಾ, ಹೋದ ವರ್ಷದ ಮಾಲನ್ನು ಬೆರೆಸಿದ್ದಾರಾ ಅಂತ ನೋಡುತ್ತಾರೆ. ತೊಗರಿಬೇಳೆಯ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಲಬುರಗಿ ಕಡೆಯ ಬೇಳೆ ಬೇಗ ಬೇಯುತ್ತದೆ ಅಂತ ಅದನ್ನೇ ಕೇಳಿ ಬರುವ ಮನೆಗಳು ಅವರಿಗೆ ಗೊತ್ತು. ಅಕ್ಕಿ ಕೇಳಿದವರಿಗೆ "ಹಳೇದು ಬೇಕೋ ಹೊಸದೋ?" ಅನ್ನುತ್ತಾರೆ. ಹಳೆ ಅಕ್ಕಿ ಜಾಸ್ತಿ ನೀರು ಹಿಡಿಯುತ್ತದೆ, ಅನ್ನ ಉದುರಾಗುತ್ತದೆ. ಹೊಸದು ಮುದ್ದೆಯಾಗುತ್ತದೆ. ಮದುವೆ ಮನೆಗೆ ಹೊಸ ಅಕ್ಕಿ ಕೊಟ್ಟರೆ ಮರುದಿನ ಊರೆಲ್ಲ ಮಾತು. ಬೆಲ್ಲ ತುಂಬ ಹಳದಿಯಾಗಿ ಹೊಳೆಯುತ್ತಿದ್ದರೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬಣ್ಣ ತೆಗೆದಿದ್ದಾರೆ ಅನ್ನುವ ಅನುಮಾನ ಅವರಿಗೆ ಬಂದೇ ಬರುತ್ತದೆ.

ಇದರ ಜೊತೆಗೆ ನೆನಪಿನ ಕೆಲಸವೂ ಇದೆ. ಯಾವ ಮನೆಯಲ್ಲಿ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯ ಚೀಟಿಯಲ್ಲಿ ಈ ತಿಂಗಳು ಉದ್ದಿನಬೇಳೆ ಬರೆಯುವುದು ಮರೆತುಹೋಗಿದೆ. ಚೀಟಿ ಓದುತ್ತಲೇ ಇದನ್ನೆಲ್ಲ ಕೇಳುವ ಅಂಗಡಿಯವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಸೇರಿನಲ್ಲಿ ಅಳೆಯುವಾಗ "ಒಂದು" ಅನ್ನದೆ "ಲಾಭ" ಅಂತ ಎಣಿಕೆ ಶುರು ಮಾಡುತ್ತಿದ್ದರು, ಅಲ್ವಾ? ತೂಕ ಮುಗಿದ ಮೇಲೂ ಒಂದು ಹಿಡಿ ಕೊಸರು. ಜೊತೆಗೆ ಬಂದ ಮಗುವಿನ ಕೈಗೆ ಒಂದು ಚೂರು ಬೆಲ್ಲ. ನನ್ನ ಲೆಕ್ಕದಲ್ಲಿ ಸೊಗಸು ಅಂದರೆ ಇಷ್ಟೂ ಕೆಲಸ. ಇದನ್ನು ಮಾಡುವವರು ಇರುವ ತನಕ ಅಂಗಡಿಗೆ ಜೀವ ಇರುತ್ತದೆ.

ಈಗ ನಿಮ್ಮ ಮನೆಯಲ್ಲಿ ಓಡಾಡುತ್ತಿರುವ ಕೆಲವು ಮಾತುಗಳಿಗೆ ಬರೋಣ. ಇವೆಲ್ಲ ನಾನು ಪ್ರತಿ ಊರಿನಲ್ಲೂ ಕೇಳುವ ಮಾತುಗಳೇ.

"ಸೂಪರ್‌ಮಾರ್ಕೆಟ್‌ನಲ್ಲಿ ಎಲ್ಲ ಅಗ್ಗ." ಎಲ್ಲ ಅಲ್ಲ. ಜನರಿಗೆ ಬೆಲೆ ಬಾಯಿಪಾಠ ಇರುವ ಸಾಮಾನು ಕೆಲವೇ ಇರುತ್ತವೆ. ಸಕ್ಕರೆ, ಅಡುಗೆ ಎಣ್ಣೆ, ಗೋಧಿ ಹಿಟ್ಟು, ದೊಡ್ಡ ಪ್ಯಾಕೆಟ್ ಸೋಪಿನ ಪುಡಿ. ಅವುಗಳನ್ನು ಅವರು ತೀರಾ ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರುತ್ತಾರೆ. ಕಂಪನಿಯಿಂದ ನೇರವಾಗಿ ಲಾರಿಗಟ್ಟಲೆ ತರಿಸುವುದರಿಂದ ಅವರಿಗೆ ಸಿಗುವ ದರವೇ ಬೇರೆ. ಒಳಗೆ ಹೋದವರು ತಳ್ಳುಗಾಡಿ ಹಿಡಿದು ಓಡಾಡುತ್ತ ಚೀಟಿಯಲ್ಲಿ ಇಲ್ಲದ್ದನ್ನೂ ತುಂಬಿಕೊಳ್ಳುತ್ತಾರೆ. ಲಾಭ ಅಲ್ಲಿಂದ ಬರುತ್ತದೆ. ಅಮೆರಿಕದ ಮೆಂಫಿಸ್‌ನಲ್ಲಿ 1916ರಲ್ಲಿ ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ಗಿರಾಕಿಯನ್ನೇ ಕಪಾಟಿನ ಬಳಿ ಬಿಟ್ಟಾಗಿನಿಂದ ಈ ಉಪಾಯ ನಡೆಯುತ್ತಿದೆ. ಇದರಲ್ಲಿ ಮೋಸ ಏನಿಲ್ಲ. ಆದರೆ ಸಕ್ಕರೆ, ಎಣ್ಣೆಯ ದರದಲ್ಲಿ ನಿಮ್ಮ ಅಪ್ಪ ಅವರ ಜೊತೆ ಪೈಪೋಟಿಗೆ ಇಳಿಯಬಾರದು. ಗೆಲ್ಲುವುದಿಲ್ಲ. ಒಂದು ಕೆಲಸ ಮಾಡಿ. 25 ಸಾಮಾನುಗಳ ಪಟ್ಟಿ ಹಿಡಿದು ಎರಡೂ ಕಡೆ ದರ ಬರೆದುಕೊಳ್ಳಿ. ಜೀರಿಗೆ, ಧನಿಯ, ಮೆಣಸು, ಗಸಗಸೆ, ಹುಣಸೆಹಣ್ಣು, ಬೆಲ್ಲ ಪಟ್ಟಿಯಲ್ಲಿರಲಿ. ಬಿಡಿಯಾಗಿ ಮಾರುವ ಅಂಗಡಿ ಇವುಗಳಲ್ಲಿ ಎಷ್ಟು ಸಲ ಮುಂದಿರುತ್ತದೆ ಅಂತ ನೀವೇ ನೋಡುತ್ತೀರಿ.

"ಬಿಡಿ ಸಾಮಾನಿಗೆ ಕಾಲ ಇಲ್ಲ, ಪ್ಯಾಕೆಟ್ ಮಾತ್ರ ಶುದ್ಧ." ಇದು ಅರ್ಧ ನಿಜ. ಬಿಡಿ ಅಡುಗೆ ಎಣ್ಣೆ ಮಾರಲೇಬೇಡಿ. ಪ್ಯಾಕ್ ಮಾಡದ ಖಾದ್ಯ ತೈಲದ ಮಾರಾಟಕ್ಕೆ ಆಹಾರ ಸುರಕ್ಷತಾ ನಿಯಮದಲ್ಲೇ ತಡೆ ಇದೆ, ಕಲಬೆರಕೆಯನ್ನು ಕಣ್ಣಿನಲ್ಲಿ ಪತ್ತೆ ಮಾಡಲೂ ಆಗುವುದಿಲ್ಲ. ಮೆಣಸಿನ ಪುಡಿ, ಅರಿಸಿನ ಪುಡಿಯನ್ನೂ ಬಿಡಿಯಾಗಿ ಇಡಬೇಡಿ. ಆದರೆ ಇಡೀ ಕಾಳು, ಬೇಳೆ, ಅಕ್ಕಿ, ಒಣ ಮೆಣಸಿನಕಾಯಿ ಹಾಗಲ್ಲ. ಗಿರಾಕಿ ಕೈಯಲ್ಲಿ ಹಿಡಿದು ನೋಡಬಹುದು, ಮೂಸಬಹುದು. ಪ್ಯಾಕೆಟ್‌ನಲ್ಲಿ ಅದು ಆಗುತ್ತದಾ? ತೆರಿಗೆಯಲ್ಲೂ ವ್ಯತ್ಯಾಸ ಇದೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್‌ಗೆ ಶೇಕಡ 5 ಜಿಎಸ್‌ಟಿ ಇದೆ. ಚೀಲ ಬಿಚ್ಚಿ ತೂಗಿಕೊಟ್ಟರೆ ಇಲ್ಲ. ಮಾರುಕಟ್ಟೆಯಲ್ಲಿ 26 ಕೆ.ಜಿ. ಅಕ್ಕಿ ಚೀಲ ಎಲ್ಲೆಲ್ಲೂ ಕಾಣಿಸತೊಡಗಿದ್ದು ಇದೇ ಕಾರಣಕ್ಕೆ.

ಆದರೆ ಇಲಿ, ನುಸಿ, ಧೂಳು ಸುಳ್ಳಲ್ಲ. ಬಾಯಿ ತೆರೆದ ಚೀಲ ಸಾಲಾಗಿ ನಿಲ್ಲಿಸುವುದನ್ನು ನಾನು ಸೊಗಸು ಅನ್ನುವುದಿಲ್ಲ. ಚಿಕ್ಕ ಮಗು ಇರುವ ತಾಯಿ ಅದನ್ನು ಒಂದು ಸಲ ನೋಡಿದರೆ ಮತ್ತೆ ಬರುವುದಿಲ್ಲ. ಅವಳು ಮಾಡಿದ್ದು ಸರಿಯೇ.

"ಯುಪಿಐ ತಗೊಂಡರೆ ತೆರಿಗೆ ಬೀಳುತ್ತದೆ." ಈ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು "ನಗದು ಮಾತ್ರ" ಅಂತ ಬೋರ್ಡ್ ಹಾಕಿದವು. ಆದರೆ ತೆರಿಗೆ ಬೀಳುವುದು ವಹಿವಾಟಿನ ಮೇಲೆ. ಹಣ ಫೋನಿನಲ್ಲಿ ಬಂದರೂ ಒಂದೇ, ನೋಟಿನಲ್ಲಿ ಬಂದರೂ ಒಂದೇ. ಸರಕು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಆ 40 ಲಕ್ಷದಲ್ಲಿ ತೆರಿಗೆ ಇಲ್ಲದ ಅಕ್ಕಿ, ಬೇಳೆಯ ವ್ಯಾಪಾರವೂ ಸೇರುತ್ತದೆ. ಬಹಳ ಜನ ಎಡವುವುದು ಇಲ್ಲೇ. 40 ಲಕ್ಷ ದಾಟಿದ ಮೇಲೂ ನೋಂದಣಿ ಬೇಡದಿರುವುದು ತೆರಿಗೆ ಇರುವ ಸಾಮಾನನ್ನು ಒಂದೂ ಮಾರದವರಿಗೆ ಮಾತ್ರ.

ನಿಮ್ಮ ಹಳೆಯ ವ್ಯಾಪಾರ ದಿನಕ್ಕೆ 14,000 ಅಂದರೆ ವರ್ಷಕ್ಕೆ ಸುಮಾರು 50 ಲಕ್ಷ. ಆಗ ನೋಂದಣಿ ಇತ್ತಾ ಅಂತ ಅಪ್ಪನನ್ನು ಕೇಳಿ. ಇರಲಿಲ್ಲ ಅಂದರೆ ಸುಮ್ನೆ ಕೂರಬೇಡಿ, ಒಬ್ಬ ತೆರಿಗೆ ಸಲಹೆಗಾರರನ್ನು ನೋಡಿ. ಇತ್ತು ಅಂದರೆ ಹೆದರುವಂಥದ್ದು ಏನೂ ಇಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿ 1.5 ಕೋಟಿ ವಹಿವಾಟಿನವರೆಗೆ ವ್ಯಾಪಾರಿ ಕಟ್ಟುವುದು ಶೇಕಡ 1, ಅದೂ ತೆರಿಗೆ ಇರುವ ಸಾಮಾನಿನ ಮಾರಾಟದ ಮೇಲೆ. ಗಿರಾಕಿಯ ಹತ್ತಿರ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕಟ್ಟಿದ್ದು ವಾಪಸ್ ಬರುವುದೂ ಇಲ್ಲ. ಕ್ಯೂಆರ್ ಕೋಡನ್ನು ನಾಳೆಯೇ ಮತ್ತೆ ಅಂಟಿಸಿ. ಕೈಯಲ್ಲಿ ಚಿಲ್ಲರೆ ಇಲ್ಲದ ಕಾಲೇಜು ಹುಡುಗರನ್ನು ನೀವೇ ವಾಪಸ್ ಕಳಿಸುತ್ತಿದ್ದೀರಿ.

ಇನ್ನು ಲೆಕ್ಕ. ಈಗಿನ ವ್ಯಾಪಾರ ತಿಂಗಳಿಗೆ 2.85 ಲಕ್ಷ. ನಾನು ನೋಡಿರುವ ಈ ಅಳತೆಯ ಅಂಗಡಿಗಳಲ್ಲಿ ಕಂಪನಿ ಸಾಮಾನಿನ ಮೇಲೆ ನೂರಕ್ಕೆ ಎಂಟರಿಂದ ಹತ್ತು ಉಳಿಯುತ್ತದೆ. ಬಿಡಿ ದಿನಸಿ, ಮಸಾಲೆ, ಪೂಜೆ ಸಾಮಾನಿನಲ್ಲಿ ಹದಿನೈದರ ಹತ್ತಿರ. ನಿಮ್ಮಲ್ಲಿ ಅರವತ್ತು ಪಾಲು ಕಂಪನಿ ಸಾಮಾನು, ನಲವತ್ತು ಪಾಲು ಬಿಡಿ ಅಂದುಕೊಳ್ಳೋಣ. ಮೊದಲನೆಯದರಲ್ಲಿ ಸುಮಾರು 15,400 ರೂಪಾಯಿ, ಎರಡನೆಯದರಲ್ಲಿ 17,100. ಗಮನಿಸಿ, ಕಡಿಮೆ ಮಾರಿದರೂ ಜಾಸ್ತಿ ದುಡಿದಿರುವುದು ಬಿಡಿ ಸಾಮಾನು. ಫೋಟೊದಲ್ಲಿ ಬೀಳುವ ಆ ಡಬ್ಬಗಳೇ ನಿಮ್ಮ ಅರ್ಧಕ್ಕಿಂತ ಹೆಚ್ಚು ಅನ್ನ ಹಾಕುತ್ತಿವೆ.

ಒಟ್ಟು 32,500. ಹುಡುಗನ ಸಂಬಳ 9,000, ಕರೆಂಟು, ಕವರು, ಸಾಗಣೆ ಅಂತ 3,500 ಕಳೆಯಿರಿ. 20,000 ಉಳಿಯಿತು. ಜಾಗ ಸ್ವಂತದ್ದಾದ್ದರಿಂದ ಇದು ಲಾಭ ಅನಿಸುತ್ತದೆ. ಆದರೆ ಅದೇ ಜಾಗಕ್ಕೆ 12,000 ಬಾಡಿಗೆ ಬರುವುದಾದರೆ, ಅಪ್ಪನ ಮೂವತ್ತು ದಿನದ ದುಡಿಮೆಗೆ ಸಿಕ್ಕಿದ್ದು 8,000. ಈ ಮಾತು ಕಹಿ. ಆದರೂ ನಿಮ್ಮ ತಮ್ಮ ಹೇಳುತ್ತಿರುವುದರಲ್ಲಿ ಹುರುಳಿದೆ ಅಂತ ನೀವು ಒಪ್ಪಬೇಕು.

ಈಗ 9 ಲಕ್ಷದ ಸಾಲ ನೋಡಿ. ಶೇಕಡ 11 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 19,600. ಉಳಿಯುತ್ತಿರುವ 20,000 ಪೂರ್ತಿ ಅಲ್ಲಿಗೇ ಹೋಯಿತು. ಆ ಕಂತನ್ನು ಹೊಸ ವ್ಯಾಪಾರದಿಂದಲೇ ಹುಟ್ಟಿಸಬೇಕು ಅಂದರೆ, ನೂರಕ್ಕೆ ಹತ್ತು ಲಾಭದ ಲೆಕ್ಕದಲ್ಲಿ, ದಿನಕ್ಕೆ ಇನ್ನೂ 6,500 ರೂಪಾಯಿ ವ್ಯಾಪಾರ ಏರಬೇಕು. ಏರಿದರೂ ಕೈಗೆ ಬರುವುದು ಮೊದಲಿನಷ್ಟೇ. 240 ಚದರ ಅಡಿಯಲ್ಲಿ ಗಿರಾಕಿ ಓಡಾಡಲು ದಾರಿ ಬಿಟ್ಟರೆ ಸಾಮಾನಿಡುವ ಜಾಗ ಅರ್ಧವಾಗುತ್ತದೆ. ಹವಾನಿಯಂತ್ರಣ ಹಾಕಿದರೆ ಕರೆಂಟ್ ಬಿಲ್ ಏರುತ್ತದೆ. ಕಳವು ತಡೆಯಲು ಇನ್ನೊಬ್ಬ ಮನುಷ್ಯ ಬೇಕು. ಕೊನೆಗೆ ಅಲ್ಲಿ ಆಗುವುದು ಪಕ್ಕದ ದೊಡ್ಡ ಅಂಗಡಿಯ ಒಂದು ಸಣ್ಣ ನಕಲು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಇದೇ ಥರದ ಅಂಗಡಿಯವರಿಗೆ, ಸುಮಾರು ಹತ್ತು ವರ್ಷದ ಹಿಂದೆ, ಬದಲಾಯಿಸಿ ಅಂತ ನಾನೇ ಹೇಳಿದ್ದೆ. ಗಾಜು, ದೀಪ, ಕಬ್ಬಿಣದ ರ್‍ಯಾಕು ಎಲ್ಲ ಬಂತು. ಗಲ್ಲಾದ ಮುಂದಿನ ಬೆಂಚು ತೆಗೆದರು. ಮೆಣಸಿನಕಾಯಿ, ಧನಿಯ ಕೇಳಿ ಬರುತ್ತಿದ್ದ ಹೆಂಗಸರು ಬರುವುದು ನಿಲ್ಲಿಸಿದರು, ಯಾಕೆಂದರೆ ಈಗ ಅಲ್ಲಿ 100 ಗ್ರಾಂ ಪ್ಯಾಕೆಟ್ ಮಾತ್ರ ಇತ್ತು. ಎರಡೂವರೆ ವರ್ಷಕ್ಕೆ ಅಂಗಡಿ ಮುಚ್ಚಿತು, ಸಾಲ ಉಳಿಯಿತು. ಆ ಮನೆಯವರ ಮುಖ ನನಗೆ ಇವತ್ತಿಗೂ ನೆನಪಿದೆ. ಆಮೇಲೆ ನಾನು ಯಾರಿಗೂ ಲೆಕ್ಕ ಹಾಕದೆ ಇಂಥ ಸಲಹೆ ಕೊಟ್ಟಿಲ್ಲ.

ಹಾಗಾದರೆ ದಾರಿ ಏನು? ನನ್ನ ಮನಸ್ಸು ಇರುವುದು ನಡುವಿನ ದಾರಿಯ ಕಡೆ. ಸಾಲ ಬೇಡ. ಕೈಯಲ್ಲಿರುವ ಹಣದಲ್ಲೇ, ಒಂದು ಲಕ್ಷದೊಳಗೆ ಮಾಡಿ. ಮೊದಲು ಗೋಡೆ ಖಾಲಿ ಮಾಡಿಸಿ ಸುಣ್ಣ ಬಳಿಸಿ, ಒಳ್ಳೆಯ ಬೆಳಕು ಹಾಕಿಸಿ, ಇಲಿ ಬರುವ ಬಿಲ ಮುಚ್ಚಿಸಿ. ಚೀಲದ ಬದಲು ಮುಚ್ಚಳ ಇರುವ ಸ್ಟೀಲ್ ಪೀಪಾಯಿ ಇಡಿ, ಮುಂಭಾಗ ಗಾಜಿದ್ದರೆ ಇನ್ನೂ ಒಳ್ಳೆಯದು. ಪ್ರತಿಯೊಂದರ ಮೇಲೂ ಊರು, ದರ, ಬಂದ ದಿನ ಬರೆದಿರಲಿ. "ಬ್ಯಾಡಗಿ ಡಬ್ಬಿ", "ಮಂಡ್ಯ ಬೆಲ್ಲ", "ಒಂದು ವರ್ಷ ಹಳೆಯ ಸೋನಾ ಮಸೂರಿ". ಅಪ್ಪನ ತಲೆಯಲ್ಲಿರುವುದು ಹೊಸ ಗಿರಾಕಿಗೂ ಕಾಣಬೇಕು. ಆಹಾರ ಸುರಕ್ಷತೆಯ ಪರವಾನಗಿ ಅಥವಾ ನೋಂದಣಿಯ ಕಾಗದವನ್ನು ಎದುರಿಗೇ ತೂಗುಹಾಕಿ.

ಆಮೇಲೆ ಕಂಪನಿ ಸಾಮಾನು ಕಡಿಮೆ ಮಾಡಿ. ಹನ್ನೆರಡು ಥರದ ಶಾಂಪೂ ಬೇಡ, ಓಡುವ ನಾಲ್ಕು ಸಾಕು. ಸೇಲ್ಸ್‌ಮನ್ ಸ್ಕೀಮ್ ಇದೆ ಅಂತ ಒಂದು ಕೇಸ್ ಜಾಸ್ತಿ ಇಳಿಸುತ್ತಾನೆ. ನಾನೂ ಇಳಿಸಿದ್ದೇನೆ. ಮೂರು ತಿಂಗಳಾದ ಮೇಲೆ ಅದು ದಿನಾಂಕ ಮುಗಿದು ಮೂಲೆಯಲ್ಲಿ ಕೂತಿರುತ್ತದೆ, ವಾಪಸ್ ತೆಗೆದುಕೊಳ್ಳಲು ಯಾರೂ ಬರುವುದಿಲ್ಲ. ಆ ಹಣ ಬಿಡಿಸಿಕೊಂಡು ಬಿಡಿ ದಿನಸಿಗೆ ಹಾಕಿ. ಸಾರಿನ ಪುಡಿ, ಹುಳಿಪುಡಿ, ಬಾಣಂತಿ ಖಾರಕ್ಕೆ ಬೇಕಾದ ಸಾಮಾನು, ಗಣೇಶ ಹಬ್ಬದ ಪೂಜೆ ಸಾಮಾನು ಇವನ್ನೆಲ್ಲ ಮನೆಯ ಅಳತೆ ಹೇಳಿದರೆ ತೂಗಿ ಒಟ್ಟಿಗೆ ಕಟ್ಟಿಕೊಡಿ. ತಿಂಗಳ ಚೀಟಿ ವಾಟ್ಸ್ಆ್ಯಪ್‌ನಲ್ಲಿ ಬರಲಿ, ಹುಡುಗ ಸಂಜೆ ಸೈಕಲ್‌ನಲ್ಲಿ ತಲುಪಿಸಲಿ.

ಅಪಾಯ ಇಲ್ಲ ಅಂತಲ್ಲ. ಈ ದಾರಿಯಲ್ಲಿ ವ್ಯಾಪಾರ ಮೊದಲ ಎರಡು ತಿಂಗಳು ಇನ್ನೂ ಇಳಿಯಬಹುದು. ಅದಕ್ಕಿಂತ ದೊಡ್ಡದು, ಇದಕ್ಕೆ ಕೂರುವ ಮನುಷ್ಯ ಬೇಕು. ಅಪ್ಪನಿಗೆ 71. ಅವರ ನಂತರ ಆ ಗಲ್ಲಾದಲ್ಲಿ ಯಾರು? ನೀವಾ, ತಮ್ಮನಾ, ಆ ಹುಡುಗನಾ? ಹುಡುಗನಾದರೆ ಸಂಬಳದ ಜೊತೆ ಲಾಭದಲ್ಲಿ ಪಾಲು ಕೊಟ್ಟು ಈಗಿನಿಂದಲೇ ಖರೀದಿಗೆ ಕರೆದುಕೊಂಡು ಹೋಗಬೇಕು. ಯಾರೂ ಇಲ್ಲ ಅಂದರೆ ಒಂದು ಲಕ್ಷವನ್ನೂ ಹಾಕಬೇಡಿ. ಅಪ್ಪನ ಕೈಲಾಗುವವರೆಗೆ ಹೀಗೇ ನಡೆಯಲಿ, ಆಮೇಲೆ ಬಾಡಿಗೆಗೆ ಕೊಡಿ. ಅದು ಸೋಲಲ್ಲ. 1968ರಿಂದ ಒಂದು ಊರಿಗೆ ಸರಿಯಾದ ತೂಕ ಕೊಟ್ಟ ಅಂಗಡಿ ಅದು.

ಬಾಗಿಲು ಹಾಕುವುದೇ ಆದರೆ ಒಂದು ವಿಷಯ ಮರೆಯಬೇಡಿ. ಶಟರ್ ಇಳಿದ ಮೇಲೆ ಉದ್ರಿ ವಾಪಸ್ ಬರುವುದು ಬಹಳ ಕಷ್ಟ. ಮೊದಲು ಪುಸ್ತಕ ತೆಗೆಯಿರಿ. 3.4 ಲಕ್ಷ ಅಂದರೆ ನಿಮ್ಮ ಒಂದು ತಿಂಗಳ ವ್ಯಾಪಾರಕ್ಕಿಂತ ಜಾಸ್ತಿ, ಈಗಲೇ ಅಂಗಡಿಯ ಉಸಿರು ಕಟ್ಟಿಸುತ್ತಿರುವುದು ಇದೇ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಿಮ್ಮದು ಕೊಬ್ಬರಿಯ ಊರು. ಉಂಡೆ ಕೊಬ್ಬರಿಗೆ ಕಾಯಿ ಅಟ್ಟದ ಮೇಲೆ ಹತ್ತು, ಹನ್ನೊಂದು ತಿಂಗಳು ಒಣಗಬೇಕು. ಅಲ್ಲಿಯವರೆಗೆ ರೈತನ ಕೈಯಲ್ಲಿ ಹಣ ಇರುವುದಿಲ್ಲ. ಕೊಬ್ಬರಿ ಮಾರುಕಟ್ಟೆಗೆ ಹೋದ ದಿನ ಅವನು ಬಂದು ಲೆಕ್ಕ ತೀರಿಸುತ್ತಾನೆ. ಅಂಥವರ ಉದ್ರಿ ನಿಲ್ಲಿಸಿದರೆ ನಿಮ್ಮ ಅತಿ ಒಳ್ಳೆಯ ಗಿರಾಕಿಯನ್ನೇ ಕಳೆದುಕೊಳ್ಳುತ್ತೀರಿ. ಸೂಪರ್‌ಮಾರ್ಕೆಟ್ ಅವನಿಗೆ ಹತ್ತು ತಿಂಗಳು ಕಾಯುವುದಿಲ್ಲ. ಮೂರು ವರ್ಷದಿಂದ ಮುಖ ತೋರಿಸದವರ ವಿಷಯ ಬೇರೆ. ಅವಧಿ ಗೊತ್ತು ಮಾಡದೆ ಕೊಟ್ಟ ಸಾಮಾನಿನ ಬಾಕಿಗೆ ಕೋರ್ಟಿಗೆ ಹೋಗಲು, ಸಾಮಾನು ಕೊಟ್ಟ ದಿನದಿಂದ ಮೂರೇ ವರ್ಷ ಕಾಲಾವಕಾಶ. ಆ ಮೂರು ವರ್ಷ ಮುಗಿಯುವುದರೊಳಗೆ ಬಾಕಿ ಒಪ್ಪಿ ಸಹಿ ಹಾಕಿಸಿಕೊಂಡರೆ ಎಣಿಕೆ ಮತ್ತೆ ಅಲ್ಲಿಂದ ಶುರುವಾಗುತ್ತದೆ. ಹಾಗಂತ ಯಾರ ಮನೆಗೂ ಜಗಳಕ್ಕೆ ಹೋಗಬೇಡಿ. ಪುಸ್ತಕ ಹಿಡಿದು ಹೋಗಿ, "ಅಪ್ಪ ಲೆಕ್ಕ ನೋಡಿಕೊಂಡು ಬಾ ಅಂದರು" ಅನ್ನಿ. ತಿಂಗಳಿಗೆ 500 ಆದರೂ ಕೊಡಿ ಅಂತ ಕೇಳಿ, ಸಹಿ ಹಾಕಿಸಿಕೊಳ್ಳಿ. ನಾನು ನೋಡಿದ ಹಾಗೆ, ಮಗಳೇ ಬಂದು ಕೇಳಿದರೆ ಜನ ಇಲ್ಲ ಅನ್ನುವುದು ಕಡಿಮೆ.

ಇನ್ನೊಂದು ಕೆಲಸ ಈ ತಿಂಗಳೇ ಆಗಲಿ. ಎರಡು ಭಾನುವಾರ ಬಂದು ಅಪ್ಪನ ಪಕ್ಕ ಕೂತುಕೊಳ್ಳಿ. ಯಾವ ಸಾಮಾನು ಯಾವ ಮಂಡಿಯಿಂದ, ಯಾವ ತಿಂಗಳು ಕೊಂಡರೆ ಒಳ್ಳೆಯದು, ಬೇಳೆಗೆ ಹುಳ ಬರದಂತೆ ಎಷ್ಟು ಹರಳೆಣ್ಣೆ ಸವರಬೇಕು, ಇದನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಅಂಗಡಿ ಇಟ್ಟುಕೊಂಡರೂ ಕೊಟ್ಟರೂ ಇದು ಬೇಕಾಗುತ್ತದೆ. ಆಮೇಲೆ ತಮ್ಮನನ್ನೂ ಕೂರಿಸಿಕೊಂಡು, ಮೇಲಿನ ಲೆಕ್ಕವನ್ನು ನಿಮ್ಮ ನಿಜವಾದ ಅಂಕಿಗಳಿಂದ ತಿದ್ದಿ ಅಪ್ಪನ ಮುಂದೆ ಇಡಿ. ತೀರ್ಮಾನ ಅವರೇ ಹೇಳಲಿ. ಐದು ದಶಕದ ವ್ಯಾಪಾರ ನೋಡಿದವರಿಗೆ ಲೆಕ್ಕ ಅರ್ಥವಾಗದೆ ಇರುವುದಿಲ್ಲ.

ತಾತನ ತಕ್ಕಡಿಯ ಬಗ್ಗೆ ಕೊನೆಯದಾಗಿ. ತಕ್ಕಡಿ ಮತ್ತು ತೂಕದ ಬೊಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ್ದರಲ್ಲಿ ತೂಗಿದರೆ ದಂಡ ಬೀಳುತ್ತದೆ. ವ್ಯಾಪಾರಕ್ಕೆ ಮುದ್ರೆ ಹಾಕಿಸಿದ ಎಲೆಕ್ಟ್ರಾನಿಕ್ ಯಂತ್ರ ಇಡಿ, ಅಂಕಿ ಗಿರಾಕಿಯ ಕಡೆಗೂ ಕಾಣುವಂಥದ್ದು. ಹಿತ್ತಾಳೆ ತಕ್ಕಡಿಯನ್ನು ಯಾರು ಎಷ್ಟು ಕೊಡುತ್ತೇನೆ ಅಂದರೂ ಮಾರಬೇಡಿ. ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟುಕೊಳ್ಳಿ, ಈ ಸಲದ ಆಯುಧಪೂಜೆಗೆ ಬೇಕಾಗುತ್ತದೆ.